ಕದ ಹಾಕಿ ಬಡಿದ ರೊಟ್ಟಿ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳು ಒಂದೇ ತಲೆಬರಹವನ್ನು ಅಚ್ಚು ಹಾಕುತ್ತವೆ: ‘ಈ ಬಾರಿಯೂ ಬಾಲಕಿಯರದೇ ಮೇಲುಗೈ’. ಅಂಕಿಅಂಶಗಳ ಬಗ್ಗೆ ನನ್ನ ತಕರಾರಿಲ್ಲ. ಸರ್ಕಾರದ ಸಾಂಖ್ಯಿಕ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಸರಿಯಾಗಿ ಎಣಿಸಿದ ಸಂಖ್ಯೆಯೊಡನೆ ಜಗಳವಾಡುವ ಅಭ್ಯಾಸ ನನಗಿಲ್ಲ. ನನ್ನ ಆಕ್ಷೇಪವಿರುವುದು ಈ ಸುದ್ದಿಯನ್ನು ಕುಸ್ತಿಯ ಫಲಿತಾಂಶದಂತೆ ಬರೆಯುವ ರೀತಿಗೆ. ಒಬ್ಬರು ಮೇಲಾದರೆಂದರೆ ಇನ್ನೊಬ್ಬ ಕೆಳಗೆ ಬಿದ್ದಿರಬೇಕು. ಆ ಬಿದ್ದವನು ಯಾರು, ಅವನನ್ನು ಕೆಡವಿದವರು ಯಾರು ಎಂದು ಯಾವ ಪತ್ರಿಕೆಯೂ ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಬಳ್ಳಾರಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆ ಸೇರುವ ನನ್ನ ಸಮವಯಸ್ಕ ಪಿಂಚಣಿದಾರರೂ ವಿಚಾರಿಸುವುದಿಲ್ಲ. ‘ಗಂಡಸರ ಕಾಲ ಮುಗೀತ್ರಿ’ ಎಂದು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಸೊಸೆ ಕಟ್ಟಿಕೊಟ್ಟ ಡಬ್ಬಿಯನ್ನು ತೆರೆದು ಅವಲಕ್ಕಿ ತಿನ್ನುತ್ತಾರೆ.

ಹಾಗೆ ಹಿಂದೆ ಬಿದ್ದವನೆಂದು ಎಲ್ಲರೂ ಒಪ್ಪುವ ಒಬ್ಬ ಗಂಡಸನ್ನು ನಾನು ಹತ್ತಿರದಿಂದ ಬಲ್ಲೆ. ಅವನು ನನ್ನ ತಂಗಿಯ ಮಗ ಕರಿಬಸವ. ಅವನ ಬದುಕಿನಲ್ಲಿ ನಡೆದುದನ್ನು, ನಾನು ಕಣ್ಣಾರೆ ಕಂಡಷ್ಟು ಮತ್ತು ಕಿವಿಯಾರೆ ಕೇಳಿದಷ್ಟು, ಇಲ್ಲಿ ಬರೆಯುತ್ತಿದ್ದೇನೆ.

ಸಿರುಗುಪ್ಪ ತಾಲ್ಲೂಕಿನ ದೇಶನೂರು ಅವನ ಊರು. ಅವನ ತಂದೆ ಗಾದೆಪ್ಪನಿಗೆ ಕಾಲುವೆ ನೀರಿನ ಗದ್ದೆ ಇದೆ. ಎರಡು ಬೆಳೆ ಭತ್ತ ಬರುತ್ತದೆ. ಉಣ್ಣುವುದಕ್ಕೆ ಕೊರತೆಯಿರಲಿಲ್ಲ, ಇಂದಿಗೂ ಇಲ್ಲ. ಕರಿಬಸವ ಒಂಬತ್ತನೆಯ ತರಗತಿಯಲ್ಲಿದ್ದಾಗ ನನ್ನ ತಂಗಿ ವಿರೂಪಮ್ಮನ ಮೂತ್ರಪಿಂಡಗಳು ಕೆಟ್ಟವು. ಆಕೆ ಮಂಚ ಹಿಡಿದಳು. ಆ ಮನೆಯಲ್ಲಿ ಬೇರೆ ಹೆಣ್ಣು ಜೀವವಿರಲಿಲ್ಲ. ಹಗಲೆಲ್ಲ ಗದ್ದೆಯಲ್ಲಿರುತ್ತಿದ್ದ ಗಾದೆಪ್ಪನಿಗೆ ಒಲೆಯ ಮುಂದೆ ಕೂರುವುದೆಂದರೆ ಊರ ನಡುವೆ ಬೆತ್ತಲೆ ನಿಂತಂತೆ. ಹೀಗಾಗಿ ಮಂಚದ ಮೇಲಿನಿಂದ ತಾಯಿ ಹೇಳುತ್ತಾ ಹೋದಳು, ಕೆಳಗೆ ಕುಳಿತು ಮಗ ಕಲಿಯುತ್ತಾ ಹೋದ: ಜೋಳದ ಹಿಟ್ಟಿಗೆ ಎಸರು ಎಷ್ಟು ಕಾಯಬೇಕು, ಎಷ್ಟು ಹೊತ್ತು ನಾದಬೇಕು, ಬಡಿಯುವಾಗ ಅಂಗೈ ಯಾವ ಕಡೆ ತಿರುಗಬೇಕು. ತಾಯಿ ತೀರಿಕೊಳ್ಳುವ ಹೊತ್ತಿಗೆ ಹುಡುಗನ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು. ಅವನ ಶಾಲೆ ಬಿಟ್ಟುಹೋಗಿತ್ತು.

ನಾನು ಬಿಟ್ಟುಕೊಡಲಿಲ್ಲ. ಹುಡುಗನನ್ನು ಬಳ್ಳಾರಿಗೆ ಕಳುಹಿಸು, ನಮ್ಮ ಮನೆಯಲ್ಲಿದ್ದು ಓದಲಿ ಎಂದು ಗಾದೆಪ್ಪನಿಗೆ ಖುದ್ದಾಗಿ ಹೇಳಿದೆ.

“ಮಗನ್ನ ನಿಮಗ ಕೊಟ್ಟು ನಾ ಇಲ್ಲಿ ಗ್ವಾಡಿ ನೋಡ್ಕೋತ ಕುಂದ್ರಲೇನು ಭಾವ?” ಎಂದ ಅವನು. “ಮತ್ತ ನನಗ ರೊಟ್ಟಿ ಯಾರು ಹಾಕ್ತಾರ?”

ಮುಖ್ಯೋಪಾಧ್ಯಾಯರು ಕೇಳಿದಾಗ ಅವನು ಕೊಟ್ಟ ಉತ್ತರ ಬೇರೆ: ಹೊಲದ ಕೆಲಸಕ್ಕೆ ಮಗ ಬೇಕು. ಶಾಲೆಯವರು ಅದನ್ನು ನಂಬಿದರು. ಒಲೆಗಾಗಿ ಹುಡುಗಿಯೊಬ್ಬಳು ಶಾಲೆ ಬಿಟ್ಟರೆ ನಾವು ಮರುಗುತ್ತಿದ್ದೆವು, ಯೋಜನೆಗಳನ್ನು ಮಾಡುತ್ತಿದ್ದೆವು. ಹುಡುಗನೂ ಅದೇ ಕಾರಣಕ್ಕೆ ಬಿಡಬಹುದೆಂದು ನನ್ನ ಇಡೀ ಸೇವಾವಧಿಯಲ್ಲಿ ಯಾವ ಅಧಿಕಾರಿಯೂ ಊಹಿಸಿದ್ದಿಲ್ಲ.

ಜೋಳದ ರೊಟ್ಟಿಗೆ ಒಂದು ಗುಣವಿದೆ: ಅದನ್ನು ಗುಟ್ಟಾಗಿ ಮಾಡಲಾಗದು. ಬಡಿಯುವ ಸಪ್ಪಳ ಓಣಿಯ ಆ ತುದಿಗೂ ಕೇಳಿಸುತ್ತದೆ. ಹೆಣ್ಣಿಲ್ಲದ ಮನೆಯಿಂದ ಆ ಸಪ್ಪಳ ಬಂದರೆ ಬಡಿಯುತ್ತಿರುವವರು ಯಾರೆಂದು ಕೇಳಬೇಕಾಗಿಲ್ಲ. ಅದಕ್ಕೆ ಗಾದೆಪ್ಪ ಒಂದು ಏರ್ಪಾಡು ಮಾಡಿದ. ಮಗ ರೊಟ್ಟಿಗೆ ಕುಳಿತೊಡನೆ ಬೀದಿಯ ಕದ ಮುಚ್ಚಬೇಕು, ಕಿಟಕಿ ಮುಚ್ಚಬೇಕು. ತಾನು ಹೊರಗೆ ಕಟ್ಟೆಯ ಮೇಲೆ ಕೂರುವನು. ಯಾರಾದರೂ ಬಂದರೆ ಕೆಮ್ಮುವನು. ಕೆಮ್ಮು ಕೇಳಿಸಿದೊಡನೆ ಒಳಗೆ ಕೈ ನಿಲ್ಲಬೇಕು. ಬಳ್ಳಾರಿ ಜಿಲ್ಲೆಯ ಬೇಸಿಗೆ ಎಂಥದೆಂದು ಬಲ್ಲವರು, ಕದ ಕಿಟಕಿ ಮುಚ್ಚಿದ ಕೋಣೆಯಲ್ಲಿ ಉರಿಯುವ ಹಂಚಿನ ಮುಂದೆ ಕೂರುವುದೆಂದರೇನೆಂದು ತಾವೇ ಊಹಿಸಿಕೊಳ್ಳಲಿ. ಹುಡುಗ ಹಾಗೆ ಕುಳಿತು ಯುವಕನಾದ, ಯುವಕ ಮೂವತ್ತೈದು ದಾಟಿದ, ಏರ್ಪಾಡು ಬದಲಾಗಲಿಲ್ಲ.

ಪಕ್ಕದ ಮನೆಯ ಕಾವೇರಿ ಒಮ್ಮೆ ನನಗೆ ಹೇಳಿದ್ದಳು: “ಓಣಿಗೆಲ್ಲ ಗೊತ್ತೈತ್ರಿ ಅಣ್ಣಾ. ನಮಗ ಗೊತ್ತೈತಿ ಅಂತ ಅವರಿಬ್ಬರಿಗೇ ಗೊತ್ತಿಲ್ಲ. ಗಾದೆಪ್ಪ ಮಾವ ಕೆಮ್ಮಿದ ಕೂಡ್ಲೇ ನಾವು ಸೊಸಿಗಳಿಗೆ ಹೇಳ್ತೀವಿ, ಕರಿಬಸವಂದು ರೊಟ್ಟಿ ಆಗಾಕತ್ತೈತಿ, ನೀವಿನ್ನೂ ಕುಂತೀರೇನು ಅಂತ.”

ಕರಿಬಸವನಿಗೆ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರು ನೋಡಿಕೊಳ್ಳುವ ಕೆಲಸ ಸಿಕ್ಕಿತು. ನಿಯತ್ತಿನ ಕೆಲಸಗಾರ, ಕುಡಿತವಿಲ್ಲ, ಜೂಜಿಲ್ಲ. ಆದರೆ ಅವನ ಓರಗೆಯ ಹೆಣ್ಣುಮಕ್ಕಳು ಅಷ್ಟರಲ್ಲಿ ಪದವಿ ಮುಗಿಸಿದ್ದರು, ನರ್ಸಿಂಗ್ ಮುಗಿಸಿದ್ದರು, ಬ್ಯಾಂಕು ಸೇರಿದ್ದರು. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಮೊದಲ ಪ್ರಶ್ನೆ ‘ಹುಡುಗ ಏನು ಓದ್ಯಾನ?’ ಎಂಬುದು. ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ತಲೆಮಾರುಗಳ ಕಾಲ ನಾವು ಹೆಣ್ಣನ್ನು ನಡೆಸಿ ನೋಡಿದೆವು, ಜಡೆಯ ಉದ್ದ ನೋಡಿದೆವು, ಹಾಡಿಸಿ ಕೇಳಿದೆವು. ಈಗ ಅವರು ಕೇಳಿದರೆ ನಮಗೆ ಅವಮಾನವಾಗುವುದು ಯಾವ ನ್ಯಾಯ?

ನಾನು ಹೋದಾಗಲೆಲ್ಲ ಆ ಮನೆಯಲ್ಲಿ ಕಾಣುತ್ತಿದ್ದುದು ಒಂದೇ ಚಿತ್ರ. ತಂದೆ ಟಿ.ವಿ. ಮುಂದೆ ಕುಳಿತು ಉಣ್ಣುವನು. ಅವನು ಎದ್ದಮೇಲೆ ಮಗ ಒಲೆಯ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ಉಣ್ಣುವನು. ಅವರ ನಡುವೆ ‘ಖಾರ’, ‘ನೀರು’, ‘ಮಜ್ಜಿಗಿ’ ಎಂಬ ಮಾತುಗಳಷ್ಟೇ ಓಡಾಡುತ್ತಿದ್ದವು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವನ ಎದುರು ಮಣೆ ಹಾಕಿಕೊಂಡು ಕುಳಿತಿದ್ದೆ. ಹಂಚಿನ ಮೇಲಿನ ರೊಟ್ಟಿ ತುಂಬು ಚಂದ್ರನಂತೆ ಉಬ್ಬಿತು. ಅವನು ಅದನ್ನೇ ನೋಡುತ್ತ ಮೆಲ್ಲನೆ ಹೇಳಿದ:

“ಒಂದು ಮಾತು ಹೇಳ್ಲೇನ್ರಿ ಮಾವ? ಹಿಂಗ ಉಬ್ಬಿದಾಗ ಯಾರಿಗಾದ್ರೂ ತೋರಸ್ಬೇಕು ಅನಸ್ತೈತ್ರಿ. ಅವ್ವ ಇದ್ದಾಗ ಮಂಚದ ಮ್ಯಾಗಿಂದ ಶಹಬ್ಬಾಸ್ ಅಂತಿದ್ಲು. ಅಪ್ಪ ಹೊರಗ ಕುಂತಿರ್ತಾನ.”

ಹೊರಗೆ ಗಾದೆಪ್ಪ ಕೆಮ್ಮಿದ. ಇವನ ಕೈ ನಿಂತಿತು.

ಕಳೆದ ವರ್ಷ ಕುರುಗೋಡಿನ ಸಂಬಂಧವೊಂದು ಬಂತು. ಹುಡುಗಿಯ ಹೆಸರು ಚೈತ್ರಾ; ಮೂವತ್ತೊಂದು ವರ್ಷ; ಆರೋಗ್ಯ ಕೇಂದ್ರದಲ್ಲಿ ನರ್ಸು. ತಂದೆ ಉಚ್ಚೆಂಗೆಪ್ಪ ಮೆಣಸಿನಕಾಯಿ ಬೆಳೆಯುವವರು. ಹುಡುಗನ ಓದು ಕಡಿಮೆಯೆಂಬುದು ಗೊತ್ತಿದ್ದೇ ಮಾತು ಮುಂದುವರಿಸಿದ್ದರು. ಆಕೆಯ ಕಡೆಯಿಂದ ಎರಡೇ ಷರತ್ತು: ಕೆಲಸ ಬಿಡುವುದಿಲ್ಲ, ಮನೆಯನ್ನು ತಾನೇ ಬಂದು ನೋಡುತ್ತೇನೆ. ಹುಡುಗ ಹುಡುಗಿ ಫೋನಿನಲ್ಲಿ ಎರಡು ಮೂರು ಬಾರಿ ಮಾತನಾಡಿಯೂ ಆಗಿತ್ತು. ಕರಿಬಸವ ಮನೆಗೆ ಸುಣ್ಣ ಬಳಿದ, ಬಚ್ಚಲಿಗೆ ಹೊಸ ಬಾಗಿಲು ಹಾಕಿಸಿದ, ನನಗೆ ಫೋನು ಮಾಡಿದ.

“ನೀವು ಬರ್ಲೇಬೇಕ್ರಿ ಮಾವ. ಆಕಿ ನನ್ನ ಕೂಡ ಮಾತಾಡುವಾಗ ನಗ್ತಾಳ್ರಿ. ಈ ಸಲ ಆಗ್ಲಿಲ್ಲಂದ್ರ ಇನ್ನ ಯಾರ ಮುಂದೂ ಕುಂದ್ರಂಗಿಲ್ರಿ ನಾನು.”

ಭಾನುವಾರ ಬೆಳಿಗ್ಗೆ ಬಳ್ಳಾರಿಯಿಂದ ಸಿರುಗುಪ್ಪದ ಬಸ್ಸು ಹಿಡಿದೆ. ಹೆಂಗಸರಿಗೆ ಬಸ್ಸು ಉಚಿತವಾದಂದಿನಿಂದ ಆ ದಾರಿಯಲ್ಲಿ ಈ ಕುರಿತು ಒಂದಾದರೂ ಮಾತು ಬಾರದೆ ಪ್ರಯಾಣ ಮುಗಿಯುವುದಿಲ್ಲ. ಕಂಡಕ್ಟರು ಟಿಕೆಟ್ ಕೇಳಿದಾಗ ಟವೆಲು ಹೊದ್ದ ಮುದುಕನೊಬ್ಬ ಗೊಣಗಿದ: “ನಾಳಿಂದ ನಾನೂ ಸೀರಿ ಉಟ್ಗೊಂಡು ಬರ್ತೀನಿ ತಗಾ.”

ಹಿಂದಿನ ಸೀಟಿನ ಹೆಂಗಸು ಬಿಡಲಿಲ್ಲ. “ಉಟ್ಗೊಂಡು ಬಾ ಮಾವ. ಸೀರಿ ಉಟ್ಟ ಮ್ಯಾಲ ಮನ್ಯಾಗಿನ ಮುಸುರಿನೂ ತಿಕ್ಕಬೇಕಾಕ್ಕೈತಿ ನೋಡು.”

ಬಸ್ಸೆಲ್ಲ ನಕ್ಕಿತು. ಮುದುಕನೂ ನಕ್ಕು ಟಿಕೆಟ್ ತೆಗೆದುಕೊಂಡ.

ದೇಶನೂರಿನಲ್ಲಿ ಕರಿಬಸವ ಬೆಳಗಿನಿಂದಲೇ ಎಲ್ಲ ಸಿದ್ಧ ಮಾಡಿದ್ದ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿಗಳು. ಆದರೆ ಅಡುಗೆಮನೆಯಲ್ಲಿ ರೇಷ್ಮೆಯಂಚಿನ ಸೀರೆಯುಟ್ಟು ನಿಂತಿದ್ದವಳು ಪಕ್ಕದ ಮನೆಯ ಕಾವೇರಿ. ನನ್ನನ್ನು ಕಂಡು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಇದನ್ನೆಲ್ಲ ನಾನಾ ಮಾಡೀನಿ ಅಂತ ಹೇಳಬೇಕಂತ್ರಿ ಅಣ್ಣಾ. ಗಾದೆಪ್ಪ ಮಾವನ ಅಪ್ಪಣಿ. ಇಷ್ಟು ತೆಳ್ಳಗ ನಾ ಹುಟ್ಟಿದಾಗಿಂದ ರೊಟ್ಟಿ ಬಡಿದಿಲ್ಲ. ಮನಿಗೆ ಹೋದ ಮ್ಯಾಲ ನಮ್ಮ ಯಜಮಾನ್ರು ಕೇಳ್ತಾರ, ನಮಗ್ಯಾಕ ಹಿಂಗ ಮಾಡಂಗಿಲ್ಲ ಅಂತ.”

ನಾನು ಗಾದೆಪ್ಪನನ್ನು ಹಿತ್ತಲಿಗೆ ಕರೆದು ಇದೇನೆಂದು ಕೇಳಿದೆ. ಅವನ ದನಿ ಗಡುಸಾಗಿರಲಿಲ್ಲ, ಬೇಡಿಕೊಳ್ಳುವಂತಿತ್ತು.

“ಹುಡುಗಿ ಅವನಕಿಂತ ಹೆಚ್ಚು ಓದ್ಯಾಳ. ಹೆಚ್ಚು ಪಗಾರ ತರ್ತಾಳ. ಒಲಿ ಮುಂದೂ ಇವನಾ ಕುಂದ್ರತಾನ ಅಂತ ತಿಳಿದ್ರ ಇವಂಗೇನು ಕಿಮ್ಮತ್ತು ಉಳೀತೈತಿ ಭಾವ? ಇದೊಂದರ ಇರ್ಲಿ ಬಿಡ್ರಿ.”

“ಇದೊಂದು ಎಂದರೆ ಯಾವುದು?”

“ಗಂಡಸ್ತನ.”

ಕರಿಬಸವ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನು ಅವನತ್ತ ನೋಡಿದೆ. ಅವನು ತೋಳಿನ ಗುಂಡಿ ಹಾಕಿಕೊಳ್ಳುತ್ತ ಒಳಗೆ ಹೋದ.

ಉಚ್ಚೆಂಗೆಪ್ಪ ಮತ್ತು ಚೈತ್ರಾ ಬಂದರು. ಹುಡುಗಿ ಕೈಮುಗಿದು, ಕುಳಿತುಕೊಳ್ಳುವ ಮೊದಲು ಮನೆಯನ್ನೆಲ್ಲ ನಿಧಾನವಾಗಿ ನೋಡಿದಳು. ಕಾವೇರಿ ಬಡಿಸಿದಳು. ಎಲ್ಲರೂ ಉಂಡೆವು. ಚೈತ್ರಾ ರೊಟ್ಟಿಯ ಒಂದು ಚೂರನ್ನು ಬೆಳಕಿಗೆ ಹಿಡಿದು ನೋಡಿ, “ಇದನ್ನ ಯಾರು ಬಡಿದ್ರಿ?” ಎಂದಳು.

“ನಮ್ಮ ಕಾವೇರಿ,” ಎಂದ ಗಾದೆಪ್ಪ. ಕಾವೇರಿ ನೆಲ ನೋಡಿದಳು.

ಅಷ್ಟರಲ್ಲಿ ನೀರಿನ ಲೋಟಕ್ಕೆ ಕೈ ಚಾಚಿದ ಕರಿಬಸವನ ಅಂಗಿಯ ತೋಳು ಮೇಲೆ ಸರಿಯಿತು. ಮಣಿಕಟ್ಟಿನ ಹೊರಮಗ್ಗುಲಲ್ಲಿ ಗೆರೆ ಎಳೆದಂಥ ಸುಟ್ಟ ಕಲೆಯಿತ್ತು. ಚೈತ್ರಾ ಅದನ್ನು ನೋಡಿದಳು.

“ಕೈಗೇನಾಗೈತ್ರಿ?”

“ಮಿಲ್ಲಿನ್ಯಾಗ… ಬಾಯ್ಲರಿನ ಉಗಿ ಬಡೀತ್ರಿ,” ಎಂದು ಅವನು ತೋಳನ್ನು ಕೆಳಗೆಳೆದುಕೊಂಡ.

ಆಕೆ ನೇರವಾಗಿ ಅವನನ್ನೇ ನೋಡುತ್ತ ಕೇಳಿದಳು: “ನನಗ ರಾತ್ರಿ ಡ್ಯೂಟಿ ಬರ್ತಾವ್ರಿ. ಅವತ್ತು ಮನ್ಯಾಗ ಅಡಗಿ ಯಾರು ಮಾಡ್ತಾರ್ರಿ?”

ಗಾದೆಪ್ಪ ಗಟ್ಟಿಯಾಗಿ ನಕ್ಕ. “ಅದರ ಚಿಂತಿ ಬ್ಯಾಡವಾ. ನಮ್ಮ ವಂಶದಾಗ ಗಂಡಸರು ಒಲಿ ಮುಟ್ಟಿದವರಲ್ಲ. ಕಾವೇರಿ ಅದಾಳ, ಸಿರುಗುಪ್ಪದಾಗ ಖಾನಾವಳಿ ಅದಾವ. ನೀ ಮನಿಗೆ ಬಂದ ಮ್ಯಾಲ ಹೊಂದಿಸ್ಕೊಂಡು ಹೋದ್ರಾತು.”

“ಗಾದೆಪ್ಪ, ಹಾಗಲ್ಲ, ಇದ್ದುದನ್ನು ಇದ್ದಂತೆ…” ಎಂದು ನಾನು ಬಾಯಿ ತೆರೆದೆ.

“ನಮ್ಮ ಭಾವ ಬಳ್ಳಾರಿಯೋರು,” ಎಂದು ಅವನು ಉಚ್ಚೆಂಗೆಪ್ಪನವರ ತೊಡೆ ತಟ್ಟಿದ. “ವರ್ಷಕ್ಕ ಎರಡು ಸಲ ಬರ್ತಾರ. ನಮ್ಮ ಮನ್ಯಾಗಿಂದು ಅವರಿಗೇನು ಗೊತ್ತು!”

ಉಚ್ಚೆಂಗೆಪ್ಪನವರು ಮರ್ಯಾದೆಗೆ ನಕ್ಕರು. ಚೈತ್ರಾ ನಗಲಿಲ್ಲ.

“ನೀವು ಹೇಳ್ರಿ,” ಎಂದಳು ಕರಿಬಸವನಿಗೆ.

ಆ ಕ್ಷಣದಲ್ಲಿ ಅವನು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ತಂದೆಯ ಮುಖ ನೋಡಿದ. ಆಮೇಲೆ ತನ್ನ ತಟ್ಟೆಯನ್ನು ನೋಡಿದ.

“ಅಪ್ಪ ಹೇಳಿದಂಗ್ರಿ.”

ಮೂರನೆಯ ದಿನ ಕುರುಗೋಡಿನಿಂದ ‘ಬ್ಯಾಡ’ ಎಂಬ ಉತ್ತರ ಬಂತು. ಕರಿಬಸವ ನನ್ನ ಫೋನು ಎತ್ತುವುದನ್ನು ನಿಲ್ಲಿಸಿದ. ಗಾದೆಪ್ಪ ಎತ್ತಿದ, ಎತ್ತಿ, “ಓದಿದ ಹುಡುಗ್ಯಾರು, ನಮ್ಮಂಥವರನ್ನ ಯಾಕ ಮೂಸ್ತಾರ್ರಿ ಭಾವ, ಕಾಲ ಕೆಟ್ಟೈತಿ,” ಎಂದ. ಉದ್ಯಾನದಲ್ಲಿ ನನ್ನ ಸಮವಯಸ್ಕರು ಹೇಳುತ್ತಿದ್ದ ಮಾತು ಇದೇ. ನನಗೆ ಸಿಟ್ಟು ತಡೆಯಲಾಗಲಿಲ್ಲ. ನಾನು ಕಣ್ಣಾರೆ ಕಂಡ ಸಂಗತಿಯನ್ನು ಕಾಲದ ಮೇಲೆ ಹೊರಿಸುವುದನ್ನು ಹೇಗೆ ಒಪ್ಪಲಿ? ಮರುದಿನವೇ ಕುರುಗೋಡಿಗೆ ಹೋದೆ.

ಚೈತ್ರಾ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದಳು. ಅಂಗಳದಲ್ಲಿ ಮೆಣಸಿನಕಾಯಿ ಹರಡಿತ್ತು. ನಾನು ಸೀನುತ್ತಲೇ ಮಾತು ಆರಂಭಿಸಬೇಕಾಯಿತು. ಅಡುಗೆಯೆಲ್ಲ ಕರಿಬಸವನದೇ, ಹದಿನಾಲ್ಕನೆಯ ವಯಸ್ಸಿನಿಂದಲೂ ಅವನದೇ, ಅಂದು ಹೇಳಿದ್ದು ಸುಳ್ಳು ಎಂದು ತಿಳಿಸಿದೆ.

“ಗೊತ್ತೈತ್ರಿ ಸರ್,” ಎಂದಳು ಆಕೆ.

“ಯಾರು ಹೇಳಿದರು?”

ಆಕೆ ತನ್ನ ಎಡಗೈ ಬಳೆಯನ್ನು ಹಿಂದಕ್ಕೆ ಸರಿಸಿ ಮಣಿಕಟ್ಟನ್ನು ಮುಂದೆ ಹಿಡಿದಳು. ಅದೇ ಜಾಗದಲ್ಲಿ, ಅದೇ ಗೆರೆ.

“ಉಗಿ ಬಡಿದ್ರ ಹಿಂಗ ಗೆರಿ ಬೀಳಂಗಿಲ್ರಿ. ದಿನಾ ಸುಟ್ಟ ಗಾಯ ನೋಡಾಕಿ ನಾನು. ಇದು ಹಂಚಿನ ಅಂಚು. ರೊಟ್ಟಿ ತಿರುವಿ ಹಾಕುವಾಗ ತಾಗೋದು. ಅದನ್ನ ನೋಡಿದ ಮ್ಯಾಲನಾ ನಾ ಆ ಪ್ರಶ್ನಿ ಕೇಳಿದ್ದು. ‘ನಾನಾ ಮಾಡ್ತೀನ್ರಿ’ ಅಂದುಬಿಡ್ಲಿ ಅಂತ.”

ನಾನು ಬಗ್ಗಿ ಆ ಗೆರೆಯನ್ನು ನೋಡಿದೆ.

“ನನ್ನ ನೋಡಾಕ ಬಂದವ್ರೆಲ್ಲ ರಾತ್ರಿ ಡ್ಯೂಟಿ ಬಿಡ್ತೀಯೇನು ಅಂತನಾ ಕೇಳಿದ್ರು. ಇಲ್ಲೊಬ್ಬ ಸಿಕ್ಕ ಅನ್ಕೊಂಡಿದ್ದೆ. ಅವರು ಓದಿಲ್ಲ ಅಂತ ನಾ ಬ್ಯಾಡ ಅನ್ಲಿಲ್ರಿ. ಅವರಪ್ಪ ಸುಳ್ಳು ಹೇಳುವಾಗ ತಲಿ ತಗ್ಗಿಸಿ ಕುಂತ್ರಲ್ಲ, ಅದಕ್ಕ. ನಾಳೆ ನನ್ನ ಮ್ಯಾಗ ಏನರ ಹೇಳಿದಾಗೂ ಹಂಗಾ ಕುಂದ್ರತಾರ.”

“ಅವನು ಬಂದು ತಾನೇ ಹೇಳಿದರೆ?”

ಆಕೆ ಬಳೆಯನ್ನು ಮತ್ತೆ ಮುಂದಕ್ಕೆಳೆದುಕೊಂಡಳು. “ನಾ ಕೇಳಿದಾಗ ಹೇಳಬೇಕಿತ್ರಿ. ಈಗ ನೀವು ಕಳಿಸಿದ್ರ ಬರ್ತಾರ. ಬ್ಯಾಡ್ರಿ ಸರ್.” ನಾನು ಹೊರಡಲೆದ್ದಾಗ ಹೇಳಿದಳು: “ರೊಟ್ಟಿ ಮಾತ್ರ ಭಾಳ ಚಲೋ ಇದ್ವು ಅಂತ ಹೇಳ್ರಿ.”

ಕುರುಗೋಡಿನ ಬಂಡೆಗುಡ್ಡಗಳು ಬಸ್ಸಿನ ಕಿಟಕಿಯಲ್ಲಿ ಹಿಂದಕ್ಕೆ ಸರಿಯುತ್ತಿದ್ದವು. ಗಂಡಸರು ಹಿಂದೆ ಬೀಳುತ್ತಿದ್ದಾರೆಯೇ ಎಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ಇಷ್ಟನ್ನು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ: ಹೆಂಗಸೊಬ್ಬಳು ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಬಾ ಎಂದು ಎರಡು ಸಲ ಕರೆದಳು. ಹೋಗಲು ಬೇಕಾದ ಯೋಗ್ಯತೆ ಅವನಲ್ಲಿತ್ತು. ಅದನ್ನು ಅವಳೆದುರು ಮುಚ್ಚಿಡಬೇಕೆಂದು ಅವನಿಗೆ ಕಲಿಸಿದ್ದು ಹೆಂಗಸರಲ್ಲ.

ದೇಶನೂರಿಗೆ ಹೋಗಿ ಎಲ್ಲವನ್ನೂ ಕರಿಬಸವನಿಗೆ ಹೇಳಿದೆ. ಒಂದು ಮಾತನ್ನೂ ಹೆಚ್ಚಿಸಲಿಲ್ಲ, ಕಡಿಮೆ ಮಾಡಲಿಲ್ಲ. ಗಾದೆಪ್ಪ ಕಟ್ಟೆಯ ಮೇಲಿದ್ದ; ಅವನಿಗೂ ಕೇಳಿಸುವಂತೆಯೇ ಹೇಳಿದೆ. ಕರಿಬಸವ ತನ್ನ ಮಣಿಕಟ್ಟನ್ನು ಬಹಳ ಹೊತ್ತು ನೋಡಿಕೊಂಡ.

“ಆಕಿ ಕೈಯಾಗೂ ಐತೇನ್ರಿ?”

“ಇದೆ. ಇದೇ ಜಾಗದಲ್ಲಿ.”

“ಈಗ ಹೋಗಿ ಹೇಳ್ಲೇನ್ರಿ ಮಾವ?”

ಹೋಗು ಎನ್ನಬೇಕೆಂದು ನನಗೆ ಎಷ್ಟು ಅನ್ನಿಸಿತೆಂದು ಬರೆಯಲಾರೆ. ಆದರೆ ಆಕೆ ಸ್ಪಷ್ಟವಾಗಿ ಹೇಳಿಕಳುಹಿಸಿದ್ದಳು. “ಬೇಡ ಎಂದಳಪ್ಪ,” ಎಂದೆ.

ಅವನು ತಲೆಯಾಡಿಸಿದ. ಎದ್ದು ಹೋಗಿ, ಒಣಗಿದ ಬಟ್ಟೆಗಳನ್ನು ಒಳಗೆ ತಂದು ಮಡಿಸತೊಡಗಿದ. ಹೊರಗಿನಿಂದ ಕೆಮ್ಮು ಕೇಳಿಸಲಿಲ್ಲ.

ಈಚೆಗೆ ಮುಂಗಾರಿನ ನಾಟಿ ನಡೆದಿದ್ದಾಗ ಮತ್ತೆ ಹೋಗಿದ್ದೆ. ಓಣಿಯ ತಿರುವಿನಲ್ಲೇ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಮುಚ್ಚಿದ ಕದದ ಹಿಂದಿನ ಸಪ್ಪಳವಲ್ಲ, ಬಯಲಿನ ಸಪ್ಪಳ. ಬೀದಿಯ ಕದ ಎರಡೂ ರೆಕ್ಕೆ ತೆರೆದಿತ್ತು. ಕಿಟಕಿ ತೆರೆದಿತ್ತು. ಬೀದಿಯಿಂದಲೇ ಕಾಣುವಂತೆ ಪಡಸಾಲೆಯ ನಡುವೆ ಗ್ಯಾಸಿನ ಒಲೆಯಿಟ್ಟುಕೊಂಡು ಕರಿಬಸವ ಕುಳಿತಿದ್ದ. ಗಾದೆಪ್ಪ ಕಟ್ಟೆಯ ಮೇಲಿರಲಿಲ್ಲ. ರೊಟ್ಟಿಯ ಹೊತ್ತಿಗೆ ಅವನು ಹನುಮಪ್ಪನ ಗುಡಿಯ ಜಗುಲಿಗೆ ಹೋಗಿ ಕೂರುತ್ತಾನೆ, ಎಲ್ಲ ಮುಗಿದ ಮೇಲೆ ಬರುತ್ತಾನೆ ಎಂದು ಕಾವೇರಿ ತಿಳಿಸಿದಳು. ಓಣಿಯವರು ಏನಂದರು ಎಂದು ಕೇಳಿದೆ.

“ಏನಂತಾರ್ರಿ ಅಣ್ಣಾ? ಮೊದಲ ದಿನ ಎರಡು ಹುಡುಗ್ರು ಬಗ್ಗಿ ನೋಡಿದ್ರು. ಆಮ್ಯಾಲ ಯಾರೂ ನೋಡ್ಲಿಲ್ಲ.”

ಇಷ್ಟು ವರ್ಷ ಯಾರಿಗೆ ಹೆದರಿ ಆ ಕದ ಮುಚ್ಚಿತ್ತೋ, ಅವರು ತಿರುಗಿಯೂ ನೋಡಲಿಲ್ಲ.

ನಾನು ಚಪ್ಪಲಿ ಬಿಟ್ಟು ಅವನ ಎದುರು ಕುಳಿತೆ. “ಬರ್ರಿ ಮಾವ,” ಎಂದ. ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿದ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದ, ತಿರುವಿದ. ಅದು ಒಂದು ಕಡೆಯಿಂದ ಎದ್ದು, ಪೂರ್ತಿಯಾಗಿ ಉಬ್ಬಿ ನಿಂತಿತು. ಅವನು ತಲೆಯೆತ್ತಿ ತೆರೆದ ಬಾಗಿಲಿನ ಕಡೆ ನೋಡಿದ. ಓಣಿಯಲ್ಲಿ ಯಾರೂ ಇರಲಿಲ್ಲ. ರೊಟ್ಟಿಯಿಂದ ಉಗಿ ಹೊರಟುಹೋಗಿ ಅದು ಮೆಲ್ಲನೆ ಇಳಿಯಿತು. ಅವನು ಅದನ್ನು ತೆಗೆದು ಬಟ್ಟೆಯ ಮೇಲಿಟ್ಟು, ಇನ್ನೊಂದು ಹಿಟ್ಟಿನ ಉಂಡೆಯನ್ನು ಕೈಗೆತ್ತಿಕೊಂಡ.